ಗುಂಡನ ಕೊರಳಪಟ್ಟಿ

ಮೂರನೇ ಮೆಟ್ಟಿಲು ಒರೆಸಿ ಆಯಿತು. ನಾಲ್ಕನೆಯದರ ಮೇಲೆ ಮತ್ತೆ ಅದೇ ಕೆಸರಿನ ಪಾದ. ಅಜ್ಜಿ ಸೊಂಟ ಹಿಡಿದುಕೊಂಡು ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದರು. ಮೇಲಿನ ಬಾಗಿಲ ಸಂದಿಯಿಂದ ಗುಂಡ ಮೂತಿ ತೂರಿಸಿ ನೋಡುತ್ತಿದ್ದ.

"ಒಳಗೆ ಹೋಗೋ ಮಾನಗೇಡಿ! ಮೆರವಣಿಗೆ ನಿಂದು, ಒರೆಸೋದು ನಾನು."

ಎದುರುಮನೆಯ ಕತ್ತರಿ ಅಕ್ಕ ಕೆಲಸಕ್ಕೆ ಹೊರಟು ಇಳಿದು ಬಂದಳು. ಪ್ರಾಣಿಗಳ ಆಸ್ಪತ್ರೆಯಲ್ಲಿ ನಾಯಿಗಳ ಕೂದಲು, ಉಗುರು ಕತ್ತರಿಸುವುದು ಅವಳ ಕೆಲಸ. ಈ ದೇಶಕ್ಕೆ ಬಂದು ಎಷ್ಟೋ ವರ್ಷವಾಗಿತ್ತು. ಆ ಕಟ್ಟಡದಲ್ಲಿ ಅಜ್ಜಿಯ ಮನೆಯವರನ್ನು ಬಿಟ್ಟರೆ ಕನ್ನಡ ಬರುತ್ತಿದ್ದದ್ದು ಅವಳೊಬ್ಬಳಿಗೇ.

"ಯಾಕಜ್ಜಿ ದಿನಾ ಈ ಪಾಡು?"

"ನಮ್ಮನೇಲಿ ನಾಯಿ ಇದೆ ಅಂತ ಯಾರಿಗೂ ಗೊತ್ತಾಗಬಾರದು ಕಣಮ್ಮ."

"ಸರಿಹೋಯ್ತು! ನಿಮ್ಮ ಮಗನ ಹೆಸರು ಗೊತ್ತಿಲ್ಲದವರಿಗೂ ಗುಂಡನ ಹೆಸರು ಗೊತ್ತು. ಮನೆ ಮಾಲೀಕರೇ ಅವನಿಗೆ ಬಿಸ್ಕತ್ತು ಹಾಕ್ತಾರೆ. ಅದಿರಲಿ, ಕಾಗದ ಅಂಚೆಗೆ ಹಾಕಿದ್ರಾ?"

ಅಜ್ಜಿಗೆ ತಟ್ಟನೆ ಕಿವಿ ಮಂದವಾಯಿತು. ಮತ್ತೊಂದು ಮೆಟ್ಟಿಲು ಒರೆಸತೊಡಗಿದರು.

ಹೊಸದಾಗಿ ಬಂದವರು ತಮ್ಮ ನಾಯಿಯನ್ನು ನಗರಸಭೆಯಲ್ಲಿ ನೋಂದಾಯಿಸಬೇಕು ಎಂಬುದು ಅಲ್ಲಿನ ನಿಯಮ. ಸೊಸೆ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದ ಕೆಲಸದವಳು. ಬಿಡುವು ಮಾಡಿಕೊಂಡು ಎಲ್ಲ ಬರೆದು, ಲಕೋಟೆಗೆ ಅಂಚೆಚೀಟಿ ಅಂಟಿಸಿ, "ಅತ್ತೆ, ಬೀದಿ ತಿರುವಿನ ಡಬ್ಬಿಗೆ ಹಾಕಿಬಿಡಿ" ಎಂದು ಕೊಟ್ಟಿದ್ದಳು. ಆ ಲಕೋಟೆ ಸಕ್ಕರೆ ಡಬ್ಬದ ಹಿಂದೆ ಬೆಚ್ಚಗೆ ಕೂತಿತ್ತು. ಕೇಳಿದಾಗಲೆಲ್ಲ ಅಜ್ಜಿ "ನಾಳೆ ಹಾಕಿದರಾಯ್ತು" ಎನ್ನುತ್ತಿದ್ದರು.

ಅಜ್ಜಿಯ ಹೆದರಿಕೆಗೂ ಕಾರಣವಿತ್ತು. ಬಿಟ್ಟುಬಂದ ಊರಿನಲ್ಲಿ ನಾಯಿ ಹಿಡಿಯುವ ಗಾಡಿ ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಾಗದದಲ್ಲಿ ವಿಳಾಸ ನೋಡಿ ಇಲ್ಲೂ ಅಂಥದೇ ಗಾಡಿ ಬಂದರೆ? ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಇಡೀ ಹಗಲು ಅವರ ಮಾತಿಗೆ ಕಿವಿ ನಿಮಿರಿಸುತ್ತಿದ್ದದ್ದು ಗುಂಡ ಒಬ್ಬನೇ. ಅವನೂ ಹೋದರೆ ಗೋಡೆಯೇ ಗತಿ. ಅದಕ್ಕೇ ಅಜ್ಜಿ ಅವನ ಕೊರಳಪಟ್ಟಿಯನ್ನೂ ಬಿಚ್ಚಿ ಎತ್ತಿಟ್ಟಿದ್ದರು. ಪಟ್ಟಿ ಇಲ್ಲದಿದ್ದರೆ ನಾಯಿ ಯಾವ ಮನೆಯದೆಂದು ಯಾರಿಗೂ ತಿಳಿಯುವುದಿಲ್ಲ, ತಿಳಿಯದಿದ್ದರೆ ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಅಂದು ಮಧ್ಯಾಹ್ನ ಕಸ ಹಾಕಲು ಕೆಳಗಿಳಿದಾಗ ಬಾಗಿಲಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಗುಂಡ ಹಿಂದೆಯೇ ಬಂದ. ಬಸ್ಸೊಂದು ಕಿರ್ರೆಂದು ನಿಂತ ಸದ್ದಿಗೆ ಬೆಚ್ಚಿ ಓಟ ಕಿತ್ತ.

"ಗುಂಡಾ! ಲೋ ಗುಂಡಾ!"

ಅಜ್ಜಿ ಬೀದಿಯುದ್ದಕ್ಕೂ ಕೂಗಿದರು. ಯಾರನ್ನಾದರೂ ಕೇಳೋಣವೆಂದರೆ ಭಾಷೆ ಬಾರದು. ಮೊಣಕಾಲಿನ ಎತ್ತರಕ್ಕೆ ಕೈ ಹಿಡಿದು ತೋರಿಸಿದರು. ಹಣ್ಣಿನಂಗಡಿಯವಳು ಮಗು ಕಳೆದುಹೋಗಿದೆ ಎಂದುಕೊಂಡು ಗಾಬರಿಯಿಂದ ಹೊರಗೋಡಿ ಬಂದಳು. ಅವಳು ತಿಳಿದುಕೊಂಡದ್ದು ಪೂರಾ ತಪ್ಪೇನೂ ಅಲ್ಲ.

ಸಂಜೆ ಸೊಸೆ ಬಂದಾಗ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು. ಗುಂಡ ಕಳೆದುಹೋದದ್ದನ್ನು ಕೇಳಿ ಸೊಸೆ ಬೈಯಲಿಲ್ಲ. ಪಕ್ಕದಲ್ಲಿ ಕೂತು ಅತ್ತೆಯ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಕೆಳಗಿನಿಂದ ಉಗುರಿನ ಟಕಟಕ ಸದ್ದು. ಕತ್ತರಿ ಅಕ್ಕನ ಮುಂದೆ ಗುಂಡ, ಏನೂ ಆಗಿಲ್ಲವೆಂಬಂತೆ ಬಾಲ ಆಡಿಸುತ್ತಾ!

"ಬಸ್ಸಿನ ಚಾಲಕರೊಬ್ಬರು ಎತ್ತಿಕೊಂಡು ನಮ್ಮ ಆಸ್ಪತ್ರೆಗೆ ತಂದ್ರು ಅಜ್ಜಿ. ಇವನು ಮೇಜಿನ ಕೆಳಗೆ ಸೇರಿಕೊಂಡು ಯಾರು ಕರೆದ್ರೂ ಬರ್ಲಿಲ್ಲ. ನಾನು ಹೋಗಿ 'ಬಾರೋ ಗುಂಡ' ಅಂದೆ ನೋಡಿ, ನನ್ನ ಮೇಲೇ ಹಾರಿದ."

ಅಜ್ಜಿ ಅವನ ಕೊರಳಿಗೆ ಮುಖವಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ ಕೇಳಿದರು: "ವಿಮಾನ ಹತ್ತೋಕೆ ಮುಂಚೆ ಇವನ ಚರ್ಮದಡಿ ಅಕ್ಕಿಕಾಳಿನಷ್ಟು ಗುರುತಿನ ಚಿಪ್ ಹಾಕಿದ್ರಲ್ಲ? ಅದು ಹೇಳ್ಲಿಲ್ವಾ ಇವನು ಯಾರ ಮನೆಯೋನು ಅಂತ?"

"ಅದರಲ್ಲಿರೋದು ಬರೀ ಒಂದು ಸಂಖ್ಯೆ ಅಜ್ಜಿ. ಆ ಸಂಖ್ಯೆಗೆ ಯಾರ ಹೆಸರು, ಯಾವ ಫೋನು ಬರೆಸಿರ್ತೀವೋ ಅಷ್ಟೇ ಸಿಗೋದು. ನೀವು ಬರೆಸಿರೋದು ಹಳೇ ಊರಿನ ಫೋನು. ಮಾಡಿದ್ರೆ ಚಾಲ್ತಿಯಲ್ಲಿಲ್ಲ ಅಂತು."

"ನೀನು ಇವತ್ತು ಕೆಲಸಕ್ಕೆ ಹೋಗದೆ ಇದ್ದಿದ್ರೆ?"

"ವಾರಸುದಾರರಿಲ್ಲದ ನಾಯಿಗಳನ್ನ ಇಟ್ಕೊಳ್ಳೋ ಜಾಗಕ್ಕೆ ಕಳಿಸ್ತಿದ್ರು. ಸ್ವಲ್ಪ ದಿನ ಕಾಯ್ತಾರೆ. ಯಾರೂ ಬರದಿದ್ರೆ ಬೇರೆಯವರಿಗೆ ಕೊಡ್ತಾರೆ." ಕತ್ತರಿ ಅಕ್ಕನ ದನಿ ಮೆತ್ತಗಾಯಿತು. "ಹಿಡ್ಕೊಂಡು ಹೋಗ್ತಾರೆ ಅಂತ ಪಟ್ಟಿ ಬಿಚ್ಚಿದ್ರಿ. ಪಟ್ಟಿ ಇಲ್ಲ ಅಂತಲೇ ಇವನು ನಿಮ್ಮ ಕೈ ತಪ್ಪಿ ಹೋಗ್ತಿದ್ದ."

ಅಜ್ಜಿ ಗುಂಡನ ಬರಿಗೊರಳು ಸವರಿದರು. ಸೊಸೆಯೇ ಕೇಳಿದಳು: "ನೋಂದಾಯಿಸಿದ್ರೆ ಚಿಪ್ಪಿನ ಫೋನೂ ಬದಲಾಗುತ್ತಾ ಅಕ್ಕ?"

"ಇಲ್ಲ, ಅದೂ ಇದೂ ಬೇರೆ ಬೇರೆ. ಆಸ್ಪತ್ರೆಗೆ ಕರ್ಕೊಂಡು ಬನ್ನಿ, ಚಿಪ್ಪಿನ ವಿವರ ಹೇಗೆ ಬದಲಾಯಿಸೋದು ಅಂತ ತೋರಿಸ್ತೀನಿ. ಹುಚ್ಚುನಾಯಿ ರೋಗದ ಲಸಿಕೆ ಮುಂದಿನದು ಯಾವಾಗ ಅಂತಲೂ ಡಾಕ್ಟರನ್ನ ಕೇಳೋಣ. ಪಟ್ಟಿ ಮೇಲೆ ಹೊಸ ಫೋನು ಬರೆಯೋದಂತೂ ಈಗಲೇ ಆಗುತ್ತೆ."

ಅಜ್ಜಿ ಎದ್ದು ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ಕೊರಳಪಟ್ಟಿ, ಇನ್ನೊಂದರಲ್ಲಿ ಲಕೋಟೆ.

"ಬೆಳಿಗ್ಗೆ ಹಾಕಿದರಾಯ್ತು ಅತ್ತೆ" ಎಂದಳು ಸೊಸೆ.

"ಸುಮ್ನಿರೇ. ಆ ನಾಳೆ ಅನ್ನೋ ಮಾತನ್ನ ನಿಂಗೆ ಕಲಿಸಿದ್ದೇ ನಾನು."

ಹೊಸ ದೇಶಕ್ಕೆ, ಹೊಸ ಊರಿಗೆ ನಾಯಿಯೊಡನೆ ಬಂದವರೇ, ಈ ಕಥೆ ಕೇಳಿದ ಮೇಲೆ ಒಮ್ಮೆ ನಿಮ್ಮ ನಾಯಿಯ ಕೊರಳು ಮುಟ್ಟಿ ನೋಡಿ. ಪಟ್ಟಿಯ ಮೇಲಿರುವುದು ಈಗಿನ ಫೋನೇ? ಚಿಪ್ಪಿನ ವಿವರ ಬದಲಿಸಿದ್ದೀರಾ? ಲಸಿಕೆ ಹಾಕಿಸಿದ್ದೀರಾ? ಅಲ್ಲಿನ ನಿಯಮ ಗೊತ್ತಿಲ್ಲದಿದ್ದರೆ ನಗರಸಭೆಯಲ್ಲೋ ಪ್ರಾಣಿಗಳ ಆಸ್ಪತ್ರೆಯಲ್ಲೋ ಕೇಳಿ, ಕೇಳಲು ನಾಚಬೇಡಿ. ನಿಮ್ಮ ನಾಯಿಗೆ ದಾರಿ ತಪ್ಪಬಹುದು. ಅದರ ಕೊರಳಲ್ಲಿರುವ ವಿಳಾಸ ತಪ್ಪದಿರಲಿ.

ಬೀದಿ ತಿರುವಿನಲ್ಲಿ ಅಜ್ಜಿ ಅಂಚೆ ಡಬ್ಬಿಯ ಬಾಯಿಗೆ ಲಕೋಟೆ ಹಿಡಿದು ಒಂದು ಕ್ಷಣ ನಿಂತರು. ಹೊಸ ಫೋನು ಬರೆದ ಕೊರಳಪಟ್ಟಿ ತೊಟ್ಟ ಗುಂಡ ಅವರ ಕಾಲಿಗೊರಗಿ ಮೇಲೆ ನೋಡಿದ. ಅಜ್ಜಿ ಕೈ ಬಿಟ್ಟರು. ಲಕೋಟೆ ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.