ಮೇಜು ಗುದ್ದುವ ಸರದಿ

ಮೇಜನ್ನು ಯಾರು ಮೊದಲು ಗುದ್ದಬೇಕು ಅನ್ನೋದೂ ಮಾತುಕತೆಯಲ್ಲೇ ತೀರ್ಮಾನ ಆಗುತ್ತೆ ಅಂದ್ರೆ ನಂಬ್ತೀರಾ? ನಂಬಲೇಬೇಕು. ಆ ಮಾತನ್ನು ಎರಡೂ ಕಡೆಗೆ ದಾಟಿಸಿದವಳೇ ನಮ್ಮ ದುಭಾಷಿ.

ಬೆಳಿಗ್ಗೆ ಹತ್ತು ಗಂಟೆ. ದೊಡ್ಡ ಸಭಾಂಗಣದ ಪಕ್ಕದ ಪುಟ್ಟ ಕೋಣೆಯಲ್ಲಿ ಮೂರೇ ಜನ: ವ್ಯಾಪಾರ ಮಂತ್ರಿಗಳು, ಆಚೆ ದೇಶದ ಮಂತ್ರಿಯಮ್ಮ, ನಡುವೆ ಇವಳು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದೇಹೋಯ್ತು. ನಮ್ಮ ಬಟ್ಟೆಗೆ ಅವರ ಬಂದರು ತೆರೆಯುತ್ತೆ, ಅವರ ಕೊಡೆಗಳು ಸುಂಕವಿಲ್ಲದೆ ಇಲ್ಲಿಗೆ ಬರುತ್ತವೆ. ಆರು ತಿಂಗಳು ಯಾರೂ ಬಾಯಿ ಬಿಡಬಾರದು.

ಕೊಡೆ ಅನ್ನುವಾಗ ಇವಳ ನಾಲಿಗೆ ತಡವರಿಸಿತು. ಹದಿನೆಂಟು ವರ್ಷದ ಕೆಲಸದಲ್ಲಿ ಇದೇ ಮೊದಲು. ಇವಳ ಅಣ್ಣ ಹನ್ನೆರಡು ಜನರನ್ನು ಇಟ್ಟುಕೊಂಡು ಕೊಡೆ ಮಾಡುತ್ತಿದ್ದ. ಅಪ್ಪ ಹೋದ ಮೇಲೆ ಇವಳನ್ನು ಓದಿಸಿದ್ದೂ ಅದರಲ್ಲೇ. ಇರೋ ಮನೆ ಮಾರಿ ದೊಡ್ಡ ಶೆಡ್ಡು ಕೊಳ್ಳೋಕೆ ಅವನು ಸಹಿ ಹಾಕಬೇಕಿದ್ದದ್ದು ಇವತ್ತೇ, ಸಂಜೆ ನಾಲ್ಕಕ್ಕೆ.

ಮಂತ್ರಿಗಳು ಕೆಟ್ಟವರೇನಲ್ಲ, ಪಾಪ. ಇವಳು ತಡವರಿಸಿದ್ದು ನೋಡಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಇವಳ ಕಡೆ ತಿರುಗಿದರು. "ಮಗ್ಗದವರು ಲಕ್ಷಾಂತರ ಜನ ಇದಾರಮ್ಮ, ಕೊಡೆಯವರು ಕೆಲವೇ ಸಾವಿರ. ನಾನೇನ್ ಮಾಡ್ಲಿ ಹೇಳು," ಅಂದರು. ಇದನ್ನೂ ಅನುವಾದ ಮಾಡಬೇಕಾ ಅಂತ ಇವಳಿಗೆ ತಿಳಿಯಲಿಲ್ಲ.

"ಟಿವಿಯವರ ಮುಂದೆ ನೀವು ಮೊದಲು ಮೇಜು ಗುದ್ದಿ, ನಾನು ಎದ್ದು ಹೋಗ್ತೀನಿ," ಅಂದಳು ಮಂತ್ರಿಯಮ್ಮ. "ನಮ್ಮಲ್ಲೂ ಚುನಾವಣೆ ಹತ್ತಿರ ಬಂತು."

ಆಮೇಲೆ ಕ್ಯಾಮೆರಾಗಳ ಮುಂದೆ ನೋಡಬೇಕಿತ್ತು, ಅಬ್ಬಬ್ಬಾ! ಮಂತ್ರಿಗಳು ಗುದ್ದಿದ ಗುದ್ದಿಗೆ ನೀರಿನ ಲೋಟ ಉರುಳಿತು. "ಒಂದೇ ಒಂದು ಕೊಡೆ ಒಳಗೆ ಬಿಡಲ್ಲ!" ಮಂತ್ರಿಯಮ್ಮ ಕೈಚೀಲ ಎತ್ತಿಕೊಂಡು ಬಿರಬಿರನೆ ಹೊರನಡೆದಳು. ಇವಳು ಮುಖ ಗಂಟಿಕ್ಕಿಕೊಂಡು ಆ ಸಿಟ್ಟನ್ನೂ ಅನುವಾದ ಮಾಡಿದಳು. ಹೊಟ್ಟೆಪಾಡು, ಇನ್ನೇನು!

ಮೂರೂವರೆಗೆ ಅಣ್ಣನ ಫೋನು.

"ಹುಲಿ ಕಣೆ ನಿಮ್ಮ ಮಂತ್ರಿ! ಟಿವಿ ನೋಡಿ ಇಲ್ಲಿ ಎಲ್ಲರೂ ಕುಣೀತಿದಾರೆ. ಹೊರಟೆ ನೋಡು ಸಹಿ ಹಾಕೋಕೆ."

ಬಾಯಿ ಬಿಟ್ಟರೆ ಕೆಲಸ ಹೋಗುತ್ತೆ, ಜೈಲೂ ಆಗಬಹುದು. ಬಿಡದಿದ್ದರೆ ಅಣ್ಣ ಬೀದಿಗೆ ಬೀಳ್ತಾನೆ.

"ಬೇಡ ಅಣ್ಣಾ," ಅಂದಳು. ಅಷ್ಟೇ.

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ಅಣ್ಣನ ದನಿ ಪೂರ್ತಿ ಇಳಿದಿತ್ತು.

"ಎಷ್ಟು ದಿನ ಇದೆ ಪುಟ್ಟೀ?"

"ಆರು ತಿಂಗಳು."

"ನೀನು ಹೇಳಿದೆ ಅಂತ ಗೊತ್ತಾದ್ರೆ ನಿನಗೇನು ಮಾಡ್ತಾರೆ?"

ಇವಳಿಗೆ ಅಳು ಬಂತು. ಮನೆ ಉಳಿಯಿತು ಅನ್ನೋ ಸಮಾಧಾನಕ್ಕೋ, ಅಣ್ಣ ತನ್ನ ಚಿಂತೆ ಬಿಟ್ಟು ಇವಳದ್ದನ್ನೇ ಕೇಳಿದ್ದಕ್ಕೋ, ಇವಳಿಗೇ ಗೊತ್ತಾಗಲಿಲ್ಲ.

"ಇಲ್ಲಿ ಕೆಲಸದವರಿಗೆಲ್ಲ ಏನಂತ ಹೇಳ್ಲೇ?" ಅಂದ ಅಣ್ಣ.

"ಈಗ ಏನೂ ಹೇಳಬೇಡ ಅಣ್ಣಾ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ನಿಟ್ಟುಸಿರು ಬಿಟ್ಟ. ಫೋನು ಇಡೋದನ್ನೂ ಮರೆತು ಬಾಗಿಲು ತೆರೆದ. "ಏನಂದ್ರು ಯಜಮಾನ್ರೇ, ತಂಗಿಯಮ್ಮ?" ಅಂತ ಯಾರೋ ಕೇಳಿದರು.

"ಎಲ್ಲಾ ಸರಿಯಾಗಿದೆ ಕಣ್ರೋ! ನನಗೇ ಯಾಕೋ ಬೆನ್ನು ಹಿಡ್ಕೊಂಡಿದೆ, ಶೆಡ್ಡು ಗಿಡ್ಡು ಮುಂದಿನ ವರ್ಷ ನೋಡೋಣ. ನೀವೇನೂ ಯೋಚನೆ ಮಾಡಬೇಡಿ, ನಾನಿದೀನಿ."

ಹನ್ನೆರಡೂ ಜನ ಹೋ ಅಂತ ಚಪ್ಪಾಳೆ ತಟ್ಟಿದ್ದು ಇವಳಿಗೆ ಇಲ್ಲಿಗೆ ಕೇಳಿಸಿತು.