ಕಲೆಗೊಂದು ಪರದೆ

ಟೈಲರಕ್ಕನ ಹೊಲಿಗೆ ಕೋಣೆಯ ಗೋಡೆಯಲ್ಲಿ ಮೊದಲು ಕಂಡದ್ದು ಅಂಗೈಯಗಲದ ತೇವದ ಕಲೆ. ಗೋಡೆಯ ಆಚೆ ಬಚ್ಚಲುಮನೆ. ಗಂಡನನ್ನು ಕರೆದು ತೋರಿಸಿದಳು.

"ಗೋಡೆ ಬೆವರ್ತಿದೆ ಕಣೇ. ನಿನ್ನ ದುಡಿಮೆ ನೋಡಿ ಅದಕ್ಕೂ ಸುಸ್ತಾಗಿದೆ," ಎಂದ.

ಅವಳೂ ನಕ್ಕಳು. ಉಳಿದ ಬಟ್ಟೆಗೆ ನೆರಿಗೆ ಹಿಡಿದು, ಚೆಂದದ ಪರದೆ ಹೊಲಿದು ಕಲೆಯ ಮೇಲೆ ಇಳಿಬಿಟ್ಟಳು. ಕಲೆ ಬೆಳೆಯಿತು. ಪರದೆಗೆ ಇನ್ನೊಂದು ತುಂಡು ಕೂಡಿಸಿದಳು. ಹೊಲಿಗೆಯವಳಿಗೆ ಬೇರೇನು ತೋಚೀತು?

ಒಂದು ದಿನ ಪಕ್ಕದ ಮನೆಯ ಪ್ಲಂಬರ್ ಪ್ಯಾಂಟಿನ ಅಂಚು ಮಡಿಸಿಕೊಳ್ಳಲು ಬಂದ. ಬಂದವನೇ ಮೂಗು ಅರಳಿಸಿದ.

"ಅಕ್ಕಾ, ಮುಗ್ಗಲು ವಾಸನೆ ಬರ್ತಿದೆಯಲ್ಲ. ಟ್ಯಾಂಕ್ ಬೇಗ ಖಾಲಿಯಾಗ್ತಿದೆಯಾ?"

"ಹೌದಪ್ಪಾ. ಎರಡು ದಿನ ಬರೋ ನೀರು ಒಂದೇ ದಿನಕ್ಕೆ ಮುಗಿಯುತ್ತೆ."

"ಹಾಗಾದ್ರೆ ಮೋಟರ್ ಹಾಕ್ದೆ, ನಲ್ಲಿಯೆಲ್ಲ ಮುಚ್ಚಿ. ಟ್ಯಾಂಕಿನ ಬಾಯಿಂದ ನೀರಿನವರೆಗೆ ನಿಮ್ಮ ಟೇಪ್ ಇಳಿಬಿಟ್ಟು ಅಳತೆ ತಗೊಳ್ಳಿ. ಎರಡು ಗಂಟೆ ಬಿಟ್ಟು ಮತ್ತೆ ಅಳೀರಿ. ನೀರು ಇಳಿದಿದ್ರೆ ಎಲ್ಲೋ ಸೋರ್ತಿದೆ ಅಂತ್ಲೇ ಅರ್ಥ."

"ಇವನ ಕಣ್ಣಿಗೆ ಎಲ್ಲಾ ಗೋಡೆನೂ ಸೋರುತ್ತೆ!" ಒಳಗಿನಿಂದ ಗಂಡ ಕೂಗಿದ.

"ಶಾಲೆ ಅಂಗಿ ಮುಗಿದ್ಮೇಲೆ ನೋಡೋಣ," ಎಂದಳು ಅವಳು. ಅರವತ್ತು ಬಿಳಿ ಅಂಗಿ, ಅವಳ ಮೊದಲ ದೊಡ್ಡ ಕೆಲಸ. ಹೊಲಿದಂತೆಲ್ಲ ಆ ಪರದೆಗೇ ಒರಗಿಸಿ ಪೇರಿಸುತ್ತಿದ್ದಳು.

ಶಾಲೆಯ ಮೇಡಂ ಬಂದ ಬೆಳಿಗ್ಗೆ ಟೈಲರಕ್ಕ ಮೇಲಿನ ಅಂಗಿ ಎತ್ತಿದಳು. ಬೆನ್ನೆಲ್ಲ ಕಪ್ಪು ಬೂಷ್ಟು. ಅದರ ಕೆಳಗಿನದೂ ಹಾಗೇ. ಪರದೆ ಸರಿಸಿದರೆ ಗಾರೆ ಹಿಡಿಹಿಡಿಯಾಗಿ ಉದುರಿತು.

"ಪಾಪ," ಎಂದರು ಮೇಡಂ. "ಮಕ್ಕಳಿಗೆ ಇದನ್ನ ಹೇಗೆ ಹಾಕ್ಸೋದು? ಬೇರೆಯವರ ಹತ್ರ ಹೊಲಿಸ್ತೀವಮ್ಮ."

ಟೈಲರಕ್ಕ ಒಂದೊಂದೇ ಅಂಗಿಯನ್ನು ಒಗೆದಳು, ಉಜ್ಜಿದಳು. ಕಲೆ ಹೋಗಲಿಲ್ಲ.

ಗಂಡ ಅವಳ ಟೇಪ್ ತೆಗೆದುಕೊಂಡು ಟ್ಯಾಂಕಿನ ಹತ್ತಿರ ಹೋದ. ಎರಡು ಗಂಟೆಯಲ್ಲಿ ನೀರು ನಾಲ್ಕು ಬೆರಳು ಇಳಿದಿತ್ತು. ತಾನೇ ಹೋಗಿ ಪ್ಲಂಬರನನ್ನು ಕರೆತಂದ. ಗೋಡೆ ಒಡೆದಾಗ ಪೈಪಿನಲ್ಲಿ ಕಂಡದ್ದು ಸೂಜಿ ತೂರುವಷ್ಟು ತೂತು.

"ಆವತ್ತೇ ನೋಡಿದ್ರೆ ಒಂದು ಗಂಟೆ ಕೆಲಸ," ಎಂದ ಪ್ಲಂಬರ್.

"ನಾನೇ ನಗಾಡಿದ್ದು," ಎಂದ ಗಂಡ. ಪೈಪು ಸರಿಯಾಯಿತು. ಶಾಲೆಯವರು ಮತ್ತೆ ಅವಳ ಬಾಗಿಲಿಗೆ ಬರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಗೋಡೆ ಬೆವರುವುದಿಲ್ಲ. ತೇವದ ಕಲೆ, ಉಬ್ಬಿದ ಬಣ್ಣ, ಮುಗ್ಗಲು ವಾಸನೆ, ಬೇಗ ಬರಿದಾಗುವ ಟ್ಯಾಂಕ್ ಕಂಡರೆ ಅಂದೇ ಅಳತೆ ಹಿಡಿದು ನೋಡಿ, ಪ್ಲಂಬರನನ್ನು ಕರೆಯಿರಿ. ನಿಮ್ಮ ಗೋಡೆಯ ಕಲೆಯ ಮೇಲೂ ಏನಾದರೂ ನೇತುಹಾಕಿದ್ದೀರಾ? ಈಗಲೇ ಎದ್ದು ಸರಿಸಿ ನೋಡಿ.