ಬಿಸಿಲಿಲ್ಲದೆ ಬಂದ ನೀರು

ಕೇತಕಿಯ ತಲೆ ಮೊಸರುಗಡಿಗೆಯಾಗಿ ಎರಡು ತಿಂಗಳಾಗಿತ್ತು. ೧೯೯೫ರ ಬೇಸಿಗೆ. ಸೋಲಾಪುರದಲ್ಲಿ ಎಂ.ಇ. ಓದುತ್ತಿದ್ದ ಈ ಹುಡುಗಿ, ಅಕ್ಕಲಕೋಟದ ಸೋದರತ್ತೆ ಚಂದ್ರಭಾಗಾಬಾಯಿಯ ಮಾಳಿಗೆಯ ಮೇಲೆ ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ಇಟ್ಟಿದ್ದಳು. ಒಳಗೆ ಬೋರಿನ ಸವಳು ನೀರು. ಅದು ಬಿಸಿಲಿಗೆ ಆವಿಯಾಗಿ, ಓರೆ ಗಾಜಿಗೆ ತಾಗಿ ತಣಿದು, ಸಿಹಿನೀರಾಗಿ ಬಿಳಿ ಕ್ಯಾನಿಗೆ ಇಳಿಯಬೇಕು. ನೀರೆಷ್ಟು ಬಿಸಿ, ಗಾಜೆಷ್ಟು ಬಿಸಿ ಎಂದು ಗೊತ್ತಾದರೆ ಕ್ಯಾನಿಗೆ ಎಷ್ಟು ಇಳಿಯುತ್ತದೆಂದು ಸೂತ್ರ ಹೇಳುತ್ತದೆ.

ಆದರೆ ಸೂತ್ರ ಎರಡು ಲೀಟರ್ ಅಂದರೆ ಕ್ಯಾನು ಎರಡೂಕಾಲು ಅನ್ನುತ್ತಿತ್ತು. ಮೋಡ ಕವಿದ ದಿನ ಸೂತ್ರ ಅರ್ಧ ಅಂದರೆ ಕ್ಯಾನು ಮುಕ್ಕಾಲು. ಅದೂ ಹೋಗಲಿ, ಬಂದ ನೀರು ಸವಳು! ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಹನಿ ಬಿದ್ದರೆ ಸಾಕು, ಹಾಲು ಬೆರೆಸಿದಂತೆ ಬೆಳ್ಳಗಾಗುತ್ತಿತ್ತು. ಪೆಟ್ಟಿಗೆ ಸೋರುತ್ತಿದೆ ಎಂದು ಗಾಜಿನ ಸಂದುಗಳಿಗೆ ಮೂರು ಸಲ ಲಪ್ಪ ಮೆತ್ತಿದಳು. ಬೇರೆ ಪೆಟ್ಟಿಗೆಯನ್ನೇ ತಂದಳು. ಅದೂ ಹಾಗೆಯೇ.

"ಸೋಮವಾರದೊಳಗ ಕಾರಣ ಹುಡುಕ್ರಿ. ಇಲ್ಲಾಂದ್ರ ಈ ರೀಡಿಂಗ್ ಎಲ್ಲಾ ಒಗೀಬೇಕಾಗ್ತದ, ಮುಂದಿನ ಬ್ಯಾಸಗಿಗೆ ಮತ್ತ ಸುರು" ಎಂದರು ಮಾರ್ಗದರ್ಶಕರಾದ ಸಿದ್ಧೇಶ್ವರ ಸರ್. ಒಂದು ವರ್ಷ ಮಣ್ಣುಪಾಲು. ಕೇತಕಿಗೆ ಅಳು ಬಂತು.

ಅತ್ತೆಯ ಮೇಲೆ ಅನುಮಾನ ಪಡುವ ಹಾಗೇ ಇರಲಿಲ್ಲ. ತಹಶೀಲ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು. ಕೇತಕಿ ಶನಿವಾರ, ಭಾನುವಾರ ಮಾತ್ರ ಎಸ್‌ಟಿ ಬಸ್ಸು ಹತ್ತಿ ಬರುತ್ತಿದ್ದಳು. ಉಳಿದ ದಿನ ಅತ್ತೆಯೇ ಅಳೆದು, ವಹಿಯಲ್ಲಿ ಬರೆದು, ದಿನಕ್ಕೊಂದು ಸಣ್ಣ ಬಾಟಲಿಯಲ್ಲಿ ಕ್ಯಾನಿನ ನೀರು ತುಂಬಿ ತಾರೀಖಿನ ಚೀಟಿ ಅಂಟಿಸಿಡುತ್ತಿದ್ದಳು. ಅರವತ್ತು ದಿನ, ವಹಿಯಲ್ಲಿ ಒಂದು ಕಾಟಿಲ್ಲ, ಒಂದು ತಿದ್ದುಪಡಿಯಿಲ್ಲ.

ಭಾನುವಾರ ಬೆಳಗ್ಗೆ ಕೇತಕಿ ಹಟಕ್ಕೆ ಬಿದ್ದು ಗಾಜಿನ ಮೇಲೆ ದಪ್ಪ ಗೋಣಿತಟ್ಟು ಹೊದಿಸಿದಳು. ಬಿಸಿಲೇ ತಾಗದಿದ್ದರೆ ನೀರೆಲ್ಲಿಂದ ಬರುತ್ತದೋ ನೋಡೋಣ! ಸಂಜೆ ಅಳೆದರೆ ಕ್ಯಾನಿನಲ್ಲಿ ಕಾಲು ಲೀಟರ್. ಓದಿದ್ದೆಲ್ಲ ಸುಳ್ಳೇ? ಸೂರ್ಯನಿಲ್ಲದೆ ಆವಿಯೇ? ದಿನದ ರೂಢಿಯಂತೆ ಅತ್ತೆ ಕ್ಯಾನು ತೊಳೆಯಲು ಕೆಳಗೆ ಒಯ್ದಳು. ಚಹಾ ಕೇಳಲೆಂದು ಕೇತಕಿ ಹಿಂದೆಯೇ ಇಳಿದಳು.

ಬಚ್ಚಲಲ್ಲಿ ಅತ್ತೆ ತೊಳೆದ ಕ್ಯಾನಿಗೆ ಬೋರಿನ ನೀರನ್ನು ಬೊಗಸೆಯಿಂದ ಹಾಕುತ್ತಿದ್ದಳು.

"ಅತ್ತಿ! ಏನ ಮಾಡಾಕತ್ತೀರಿ?"

"ದೀಪಾ ಹಚ್ಚೂ ಹೊತ್ತಿನ್ಯಾಗ ಭಾಂಡೆ ಹಂಗ ಖಾಲಿ ರಿಕಾಮಾ ಇಡಬಾರದವಾ. ನಿನ್ನ ಪರೀಕ್ಷಾ ತುಂಬಿ ಬರಲಿ ಅಂತ ದಿನಾ ಎರಡು ಬೊಗಸಿ ಹಾಕ್ತೀನಿ."

"ಮತ್ತ ವಹಿಯೊಳಗ ಯಾಕ ಬರೀಲಿಲ್ರಿ?"

"ಆ ಕಾಲಮ್ ನೀ ಎಲ್ಲಿ ಹಾಕೀದಿ? ಹಾಕಿದ್ದನ್ನ ಒಂದೂ ಖಾಲಿ ಬಿಟ್ಟಿಲ್ಲ ನಾ" ಎಂದಳು ಅತ್ತೆ, ಮೇಲಧಿಕಾರಿಗೆ ಉತ್ತರ ಕೊಡುವ ಗತ್ತಿನಲ್ಲಿ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಕೇತಕಿಗೆ. ಸಿಟ್ಟು ಬಂತು, ನಗೆಯೂ ಬಂತು. ಆದರೆ ಬೊಗಸೆಗೆ ಅಳತೆ ಎಲ್ಲಿಯದು? ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಅಷ್ಟರಲ್ಲಿ ಅವಳ ಕಣ್ಣು ಸಾಲಾಗಿ ನಿಂತ ಬಾಟಲಿಗಳ ಮೇಲೆ ಬಿತ್ತು. ಬೋರಿನ ನೀರಿನಲ್ಲಿ ಎಷ್ಟು ಉಪ್ಪಿದೆ ಗೊತ್ತು. ಬಾಟಲಿಯಲ್ಲಿ ಎಷ್ಟಿದೆಯೋ ನೋಡಿದರೆ ಆಯಾ ದಿನದ ಬೊಗಸೆ ಎಷ್ಟೆಂದು ಉಪ್ಪೇ ಹೇಳುತ್ತದೆ!

ಸೋಮವಾರ ಲ್ಯಾಬಿನಲ್ಲಿ ಒಂದೊಂದೇ ಬಾಟಲಿ ಪರೀಕ್ಷಿಸಿ ಆಯಾ ದಿನದ ಬೊಗಸೆಯನ್ನು ಕಳೆಯುತ್ತ ಹೋದಂತೆ, ಗ್ರಾಫಿನ ಚುಕ್ಕೆಗಳು ಸೂತ್ರದ ಗೆರೆಯ ಮೇಲೆ ಬಂದು ಕುಳಿತವು. ವರ್ಷ ಉಳಿಯಿತು. "ಇನ್ನ ಮ್ಯಾಲ ಕ್ಯಾನ್ ರಿಕಾಮಾನ ಇರಬೇಕು" ಎಂದರು ಸರ್, ಫೋನಿನಲ್ಲಿ ಅತ್ತೆಗೂ ಆ ಮಾತು ತಲುಪಿತು.

ಶನಿವಾರ ಕೇತಕಿ ಬಂದಾಗ ಅತ್ತೆ ಖಾಲಿ ಕ್ಯಾನು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಮುಖ ಇಳಿದಿತ್ತು.

"ನೀ ಹೇಳಿದಂಗ ಐದು ದಿನ ರಿಕಾಮಾ ಇಟ್ಟೀನಿ. ದಿನಾ ಜೀವ ಡವಡವ ಅಂತದ, ನಿನಗೇನರ ಆದೀತು ಅಂತ."

ಕೇತಕಿ ಅಳತೆಯ ಪಾತ್ರೆಯಲ್ಲಿ ಸರಿಯಾಗಿ ಇನ್ನೂರು ಮಿಲಿ ಸಿಹಿನೀರು ಅಳೆದು ಅತ್ತೆಯ ಬೊಗಸೆಗೆ ಸುರಿದಳು, ಒಂದು ಹನಿ ಚೆಲ್ಲದಂತೆ ಅತ್ತೆ ಅದನ್ನು ಕ್ಯಾನಿಗೆ ಇಳಿಸಿದಳು. ಆಮೇಲೆ ಕೇತಕಿ ವಹಿ ತೆಗೆದು, ಸ್ಕೇಲಿಟ್ಟು ಹೊಸದೊಂದು ಕಾಲಮ್ ಎಳೆದು ಪೆನ್ನನ್ನು ಅತ್ತೆಯ ಕೈಗೆ ಕೊಟ್ಟಳು.